ಪಟ್ಟಿಯಲ್ಲಿ ಇಲ್ಲದ ಸಾಲು

ನನ್ನ ಕುರ್ಚಿಗೆ ಈಗ ಇಬ್ಬರು ಬಂದಿದ್ದಾರೆ. ಮೂವತ್ತು ವರ್ಷ ಒಬ್ಬಳೇ ಕೂತ ಜಾಗಕ್ಕೆ ಇಬ್ಬರು ಬೇಕಾಯಿತು ಎಂಬ ಜಂಬವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಆ ಮಕ್ಕಳಿಗೆ ಉಪಯೋಗವಾಗುವಂತೆ ಕೆಲಸದ ವಿವರವನ್ನು ಒಂದು ಪುಟದಲ್ಲಿ ಬರೆದುಕೊಡಿ ಎಂದು ಕೇಂದ್ರದವರು ಕೇಳಿದರು. ಜೀವಮಾನವಿಡೀ ಎರಡು ಸಾಲು ಮೀರದ ಹಾಗೆ ಬರೆದವಳು ನಾನು. ಈ ಸಲ ಸ್ವಲ್ಪ ಉದ್ದ ಬರೆಯುತ್ತೇನೆ, ಯಾರೂ ತಡೆಯಬೇಡಿ.

ಕೆಲಸ ಇಷ್ಟೇ. ಬಿಜೈಯಲ್ಲಿರುವ ನಮ್ಮ ಸಾಂಸ್ಕೃತಿಕ ಕೇಂದ್ರದಲ್ಲಿ ತಿಂಗಳಿಗೆ ಎರಡು ಇಟಾಲಿಯನ್ ಚಿತ್ರ ತೋರಿಸುತ್ತಾರೆ. ಪರದೆಯ ಮೇಲಿನವರು ಇಟಾಲಿಯನ್‌ನಲ್ಲಿ ಮಾತಾಡುತ್ತಾರೆ. ಪರದೆಯ ಕೆಳಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಅದೇ ಮಾತು ಕನ್ನಡದಲ್ಲಿ ಸಾಲು ಸಾಲಾಗಿ ಬರಬೇಕು. ಚಿತ್ರದ ಜೊತೆ ಇಂಗ್ಲಿಷಿನಲ್ಲಿ ಸಂಭಾಷಣೆಯ ಪಟ್ಟಿ ಬರುತ್ತದೆ. ಅದನ್ನು ಮೊದಲೇ ಕನ್ನಡಕ್ಕೆ ತಂದಿಟ್ಟುಕೊಂಡು, ಅವರು ಬಾಯಿ ತೆರೆದಾಗ ಸರಿಯಾದ ಸಾಲನ್ನು ಒತ್ತಿ ಬಿಡುವವಳು ನಾನು. ನನಗೆ ಇಟಾಲಿಯನ್ ಬರುವುದಿಲ್ಲ. ಈ ಸಂಗತಿಯನ್ನು ಯಾರೂ ಕೇಳಲಿಲ್ಲವಾದ್ದರಿಂದ ನಾನೂ ಹೇಳಲಿಲ್ಲ.

ಟೈಪಿಸ್ಟ್ ಆಗಿ ಸೇರಿದವಳನ್ನು ಈ ಕುರ್ಚಿಗೆ ತಂದು ಕೂರಿಸಿದವರು ಕೇಂದ್ರದ ಕಾರ್ಯದರ್ಶಿ ರಾಯರು. ಕಾಲೇಜಿನಲ್ಲಿ ಹಳಗನ್ನಡ ಕಲಿಸಿ ನಿವೃತ್ತರಾದವರು. ಇಷ್ಟೊಂದು ದೇಶಗಳಿರುವಾಗ ಇಟಲಿಯೇ ಏಕೆ ಸರ್ ಎಂದು ಒಮ್ಮೆ ಕೇಳಿದ್ದೆ. ಅವರದ್ದೂ ಕರಾವಳಿಯೇ, ಅವರೂ ಗಟ್ಟಿಯಾಗಿ ಮಾತಾಡುತ್ತಾರೆ, ಮೀನು ತಿನ್ನುತ್ತಾರೆ, ತಾಯಿಗೆ ಹೆದರುತ್ತಾರೆ ಎಂದರು. ಮೀನು ಮುಟ್ಟದ ರಾಯರ ಬಾಯಲ್ಲಿ ಈ ಮಾತು ಬಂದದ್ದು ನನಗೆ ದೊಡ್ಡ ಗೌರವವೆನಿಸಿತು. ನಾನು ಬೋಳೂರಿನ ಮೊಗವೀರರ ಮನೆಯವಳು. ಅಪ್ಪ ಬೋಟಿಗೆ ಹೋಗುತ್ತಿದ್ದರು, ಅಪ್ಪೆ ಬಿಜೈ ಮಾರ್ಕೆಟಿನಲ್ಲಿ ಕೂತು ಮೀನು ಮಾರುತ್ತಿದ್ದಳು. ನಮ್ಮ ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಅವಳ ಮಾತು ಮುಂದೆ ಬರುತ್ತದೆ, ಬಾರದೆ ಬಿಡುವವಳಲ್ಲ.

ಆಗ ಕಂಪ್ಯೂಟರ್ ಇರಲಿಲ್ಲ. ಉದ್ದನೆಯ ಪಾರದರ್ಶಕ ಹಾಳೆಯ ಸುರುಳಿಯ ಮೇಲೆ ಕೈಯಲ್ಲಿ ಬರೆದು, ದೀಪದ ಪೆಟ್ಟಿಗೆಯ ಮೇಲಿಟ್ಟು, ಹಿಡಿಕೆ ತಿರುಗಿಸಿ ಒಂದೊಂದೇ ಸಾಲನ್ನು ಎಳೆಯಬೇಕಿತ್ತು. ದೀಪದ ಬಿಸಿಗೆ ಶಾಯಿ ಕರಗಿ, ಪ್ರೇಮದ ಮಾತೆಲ್ಲ ನನ್ನ ಅಂಗೈಗೆ ಮೆತ್ತಿಕೊಳ್ಳುತ್ತಿತ್ತು. ಹಾಳೆ ಮತ್ತು ಪೆನ್ನು ತರುತ್ತಿದ್ದವರು ಪಂಪ್‌ವೆಲ್‌ನಲ್ಲಿ ಸ್ಟೇಷನರಿ ಅಂಗಡಿಯಿದ್ದ ಹಮೀದ್. ಶಾಯಿ ಕರಗುತ್ತದೆ ಎಂದು ನಾನು ದೂರಿದ್ದಕ್ಕೆ, ಪರೀಕ್ಷಿಸಿ ನೋಡುತ್ತೇನೆಂದು ಒಂದು ಚಿತ್ರಕ್ಕೆ ಬಂದು ಕೂತರು. ಆಮೇಲೆ ಶಾಯಿಯ ಮಾತು ಎತ್ತಲಿಲ್ಲ, ಒಂದು ಚಿತ್ರವನ್ನೂ ತಪ್ಪಿಸಲಿಲ್ಲ.

ಮೊದಲ ವರ್ಷಗಳಲ್ಲಿ ಕನ್ನಡ ರಾಯರದ್ದು, ಕೈ ಮಾತ್ರ ನನ್ನದು. ಮಹಾಯುದ್ಧ ಮುಗಿದ ಕಾಲದ ಒಂದು ಕಪ್ಪುಬಿಳುಪು ಚಿತ್ರ ಬಂತು. ಮುರಿದ ಗೋಡೆಗಳ ನಡುವೆ ಬಟ್ಟೆ ಒಗೆಯುವ ಹೆಂಗಸೊಬ್ಬಳು ಸೋಮಾರಿ ಗಂಡನಿಗೆ ಬೈಯುತ್ತಾಳೆ. ಪಟ್ಟಿಯಲ್ಲಿ ಇದ್ದದ್ದು ಮೂರೇ ಶಬ್ದ. ರಾಯರು ಬರೆಸಿದ್ದು, ‘ಎಲೈ ದುರುಳನೇ, ನಿನ್ನ ಅವಿವೇಕಕ್ಕೆ ಎಣೆಯುಂಟೇ?’ ಹಿಂದಿನ ಸಾಲಿನಿಂದ ನಗು ಶುರುವಾಗಿ ಮುಂದಿನವರೆಗೆ ಹೋಯಿತು. ಇನ್ನೂ ಹತ್ತು ನಿಮಿಷದಲ್ಲಿ ಆ ಹೆಂಗಸಿನ ಮಗು ಸಾಯುವುದಿತ್ತು. ನಗು ಅಲ್ಲಿಯವರೆಗೂ ನಿಲ್ಲಲಿಲ್ಲ.

ಹೊರಗೆ ಬಂದಾಗ ಹಮೀದ್ ಮೆಲ್ಲನೆ ಹೇಳಿದರು, “ಶಶಿಯಕ್ಕ, ಯಕ್ಷಗಾನ ಅಂತ ಮೊದಲೇ ಹೇಳಿದ್ರೆ ನಾನು ಚೆಂಡೆಯವರನ್ನು ಕರ್ಕೊಂಡು ಬರ್ತಿದ್ದೆ. ಅದು ಯಾರು ಓದುವ ಕನ್ನಡ, ಮಾರಾಯ್ರೆ?”

ಆ ಪ್ರಶ್ನೆ ತಲೆಯೊಳಗೆ ಕೂತುಬಿಟ್ಟಿತು. ನಮ್ಮ ಸಭೆಯಲ್ಲಿ ಮನೆಯೊಳಗೆ ಕನ್ನಡ ಆಡುವವರು ಕೈಬೆರಳಲ್ಲಿ ಎಣಿಸುವಷ್ಟು. ತುಳುವಿನವರು, ಕೊಂಕಣಿಯವರು, ಬ್ಯಾರಿ ಭಾಷೆಯವರು, ಎಲ್ಲರೂ ಕನ್ನಡಕ್ಕೆ ಬರುವುದು ಪೇಟೆಗೆ ಬರುವ ಹಾಗೆ, ಇಸ್ತ್ರಿ ಹಾಕಿದ ಅಂಗಿ ತೊಟ್ಟು. ಅವರ ಎದುರು ರಾಯರು ಕಿರೀಟ ಹಿಡಿದು ನಿಂತಿದ್ದರು. ಮುಂದಿನ ಚಿತ್ರಕ್ಕೆ ನಾನು ಅವರಿಗೆ ತೋರಿಸದೆ ಒಂದು ಜಗಳದ ದೃಶ್ಯವನ್ನು ನಮ್ಮ ಕನ್ನಡದಲ್ಲಿ ಬರೆದೆ. ‘ನಿನಗೆ ಎಂತ ಆಗಿದೆ ಮಾರಾಯ?’ ಎಂಬ ಸಾಲು ಬಂದಾಗ ಸಭೆಗೆ ಜೀವ ಬಂತು. ರಾಯರು ಮರುದಿನ ನನ್ನ ಮೇಜಿನ ಮುಂದೆ ನಿಂತು, ರೋಮಿನ ಜಮೀನ್ದಾರಿಣಿ ಮಾರಾಯ ಎನ್ನುತ್ತಾಳೆಯೇ ಎಂದು ಕೇಳಿದರು. ಅವಳು ಹೇಳಿದ್ದು ಕಾರಿನ ಚಾಲಕನಿಗೆ ಸರ್ ಎಂದೆ. ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಒಪ್ಪಂದವಾಯಿತು: ಶ್ರೀಮಂತರು ರಾಯರ ಕನ್ನಡ ಆಡುವುದು, ಉಳಿದವರೆಲ್ಲ ನನ್ನದು. ಯುದ್ಧ ಮುಗಿದ ಕಾಲದ ಇಟಲಿಯಲ್ಲಿ ಶ್ರೀಮಂತರು ಕಡಿಮೆ. ರಾಯರು ಬೇಗನೆ ಆ ಸಂಗತಿ ಗಮನಿಸಿದರು, ಆದರೆ ಮಾತು ಕೊಟ್ಟಾಗಿತ್ತು.

ಮಕ್ಕಳೇ, ಭಾಷೆ ಗೊತ್ತಿಲ್ಲದೆ ಸಾಲು ಬಿಡುವುದು ಹೇಗೆಂದು ಕೇಳುತ್ತೀರಿ. ಕೈ ನೋಡಿ. ಇಟಲಿಯವರ ಕೈ ಬಾಯಿಗಿಂತ ಮೊದಲು ಏಳುತ್ತದೆ. ಕೈ ಎದ್ದ ಕೂಡಲೇ ಒತ್ತಿದರೆ ಮಾತು ಮತ್ತು ಸಾಲು ಒಟ್ಟಿಗೆ ಇಳಿಯುತ್ತವೆ. ಅವರು ಕಾರು ಓಡಿಸುವಾಗ, ಮಗುವನ್ನು ಎತ್ತಿಕೊಂಡಿರುವಾಗ ಮಾತ್ರ ಕಷ್ಟ.

ಅಂಥ ಹೊತ್ತಿಗೆ ನನಗೆ ಫಾದರ್ ಲಿಗೋರಿ ಇದ್ದರು. ರೋಮಿನಲ್ಲಿ ಏಳೆಂಟು ವರ್ಷ ಓದಿ ಬಂದ ಪಾದ್ರಿಗಳು. ಮುಂದಿನ ಸಾಲಿನ ತುದಿಯಲ್ಲಿ ಕೂರುತ್ತಿದ್ದರು, ಮಾತು ನೇರವಾಗಿ ಕಿವಿಗೆ ಬೀಳುತ್ತಿದ್ದದ್ದರಿಂದ ಎಲ್ಲರಿಗಿಂತ ಮೊದಲು ನಗುತ್ತಿದ್ದರು. ದಾರಿ ತಪ್ಪಿದಾಗ ಅವರ ಹೆಗಲು ಕುಲುಕುವುದನ್ನು ನೋಡಿ ತಮಾಷೆಯ ಸಾಲನ್ನು ಬಿಡುತ್ತಿದ್ದೆ. ಬರಬರುತ್ತಾ ಸಭೆಗೂ ಈ ಗುಟ್ಟು ತಿಳಿಯಿತು. ಫಾದರ್ ನಕ್ಕ ಕೂಡಲೇ ಎಲ್ಲರೂ ನಗುತ್ತಿದ್ದರು, ಸಾಲು ಬರುವಷ್ಟರಲ್ಲಿ ನಕ್ಕು ಮುಗಿದು ಗಂಭೀರವಾಗಿ ಓದುತ್ತಿದ್ದರು. ಒಂದು ದಿನ ಅವರಿಗೆ ಯಾವುದೋ ಹಳೆಯ ಸಂಗತಿ ನೆನಪಾಗಿ ನಗು ಬಂತು. ಪರದೆಯ ಮೇಲೆ ಶವಯಾತ್ರೆ ಹೋಗುತ್ತಿತ್ತು. ನಾನು ಮೂರು ಪುಟ ಮುಂದಿದ್ದ ಮದುವೆಯ ಊಟದ ಸಾಲನ್ನು ಬಿಟ್ಟೆ. ಬಡವರ ಮನೆಯಲ್ಲಿ ಸಾವೂ ಒಂದು ಊಟವೇ ಎಂದು ರಾಯರು ಚರ್ಚೆಯಲ್ಲಿ ಬಹಳ ಚೆನ್ನಾಗಿ ವಿವರಿಸಿದರು.

ಚರ್ಚೆ ಎಂದರೆ ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ಎಲ್ಲರೂ ಕೂತು ಮಾತಾಡುವ ಪದ್ಧತಿ. ನಮ್ಮ ತಪ್ಪುಗಳಿಗೆಲ್ಲ ಅಲ್ಲಿ ಅರ್ಥ ಸಿಗುತ್ತಿತ್ತು. ಅಷ್ಟು ವರ್ಷ ಹಿಂದೆ ಕೂತು ಕೇಳಿದ್ದರಿಂದ ನನಗೂ ಒಂದು ಸಿದ್ಧಾಂತ ಹುಟ್ಟಿದೆ. ಯುದ್ಧ ಮುಗಿದ ಕಾಲದ ಚಿತ್ರಗಳಲ್ಲಿ ಎಲ್ಲರೂ ಕೆಲಸ ಹುಡುಕುತ್ತಾರೆ. ನಡುವಿನ ಕಾಲದವುಗಳಲ್ಲಿ ಕೆಲಸ ಸಿಕ್ಕವರು ಒಳ್ಳೆಯ ಬಟ್ಟೆ ತೊಟ್ಟು ಸುಖ ಹುಡುಕುತ್ತಾರೆ. ಈಗಿನವುಗಳಲ್ಲಿ ಮೊಬೈಲ್ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಾರೆ. ಹುಡುಕುವವರ ಮುಖವನ್ನು ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ ನೋಡುವ ತಾಳ್ಮೆ ಮಾತ್ರ ಮೂರೂ ಕಾಲದಲ್ಲಿ ಒಂದೇ. ಅದಕ್ಕಾಗಿಯೇ ನಾನು ಆ ಚಿತ್ರಗಳನ್ನು ಪ್ರೀತಿಸಿದೆ.

ಹೊಸ ಚಿತ್ರಗಳಲ್ಲಿ ಮಾತು ಕಡಿಮೆಯಾದ್ದರಿಂದ ಕೆಲಸ ಸುಲಭ ಎಂದುಕೊಳ್ಳಬೇಡಿ. ಕಂಪ್ಯೂಟರ್ ಬಂದ ಮೇಲೆ ಒಂದು ಗುಂಡಿ ಒತ್ತಿದರೆ ಒಂದು ಸಾಲು. ಆದರೆ ಗುಂಡಿಯ ಮೇಲೆ ಬೆರಳಿಟ್ಟು ಇಪ್ಪತ್ತು ನಿಮಿಷ ಕಾಯುವುದು ಬಲೆ ಎಳೆಯುವುದಕ್ಕಿಂತ ಕಷ್ಟ. ಮುಚ್ಚಿದ ಕಾರ್ಖಾನೆಯ ಪಕ್ಕದ ಮನೆಯಲ್ಲಿ ಗಂಡಹೆಂಡತಿ ಮಾತಿಲ್ಲದೆ ಬದುಕುವ ಒಂದು ಚಿತ್ರ. ಗಂಡ ಕೆಮ್ಮಿದ. ಮಾತು ಶುರುಮಾಡಿದ ಎಂದುಕೊಂಡು ಒತ್ತಿಬಿಟ್ಟೆ. ‘ನಾನು ಈ ಮನೆ ಬಿಟ್ಟು ಹೋಗುತ್ತೇನೆ’ ಎಂಬ ಸಾಲು ಬಂತು. ಅದು ಕೊನೆಯಲ್ಲಿ ಬರಬೇಕಾದ ಸಾಲು. ಆತ ಮುಂದಿನ ಮುಕ್ಕಾಲು ಗಂಟೆ ಮನೆಯಲ್ಲೇ ಇದ್ದು ಸೂಪು ಕುಡಿದ, ಹೂವಿನ ಕುಂಡಕ್ಕೆ ನೀರು ಹಾಕಿದ, ಮಲಗಿದ. ಅವನು ಚಪ್ಪಲಿ ಹಾಕಿಕೊಂಡಾಗಲೆಲ್ಲ ಸಭೆ ಉಸಿರು ಬಿಗಿಹಿಡಿಯುತ್ತಿತ್ತು. ಇಷ್ಟು ಕುತೂಹಲದ ಚಿತ್ರ ಈಚೆಗೆ ಬಂದಿಲ್ಲವೆಂದು ಎಲ್ಲರೂ ಹೊಗಳಿದರು. ನಾನು ಇವತ್ತಿನವರೆಗೆ ಬಾಯಿ ಬಿಟ್ಟಿರಲಿಲ್ಲ.

ಇನ್ನು ಅಪ್ಪೆಯ ವಿಷಯ. ನನ್ನ ಕೆಲಸವನ್ನು ಅವಳು ಕೆಲಸವೆಂದು ಒಪ್ಪಿದ್ದೇ ಇಲ್ಲ. ಬೆಳಗ್ಗೆ ಬೋಟು ಬಂದು ನಿಲ್ಲುವ ದಕ್ಕೆಗೆ ಹೋಗಿ ಮೀನು ಆರಿಸಿ, ಬುಟ್ಟಿ ಹೊತ್ತು, ಮಾರ್ಕೆಟಿನಲ್ಲಿ ಮಧ್ಯಾಹ್ನದವರೆಗೆ ಕೂತು ಎಲ್ಲರೊಡನೆ ಜಗಳವಾಡಿ ಮನೆಗೆ ಬರುವವಳು ಅವಳು. ಮಗಳು ಕತ್ತಲಲ್ಲಿ, ಫ್ಯಾನಿನ ಕೆಳಗೆ ಕೂತು ಬೆರಳು ಒತ್ತುತ್ತಾಳೆ. ಅದನ್ನು ಹೊರುವುದು ಉಂಟಾ, ಎಳೆಯುವುದು ಉಂಟಾ ಎಂದು ಕೇಳುತ್ತಿದ್ದಳು. ಅವಳ ಬಾಯಿಂದ ಒಂದೇ ಒಂದು ಸಲ ಭೇಷ್ ಎನಿಸಿಕೊಳ್ಳಬೇಕೆಂಬ ಆಸೆ ನನಗೆ ಹುಚ್ಚಿನಷ್ಟಿತ್ತು.

ಅಷ್ಟರಲ್ಲಿ ಒಂದು ಹಳೆಯ ಚಿತ್ರ ಬಂತು. ಬೆಸ್ತರ ಊರಿನ ವಿಧವೆಯೊಬ್ಬಳು ಗಂಡನ ದೋಣಿಯಲ್ಲಿ ತಾನೇ ಕಡಲಿಗೆ ಹೋಗುತ್ತೇನೆ ಎನ್ನುತ್ತಾಳೆ. ಹೆಂಗಸು ಹತ್ತಿದ ದೋಣಿಗೆ ಮೀನು ಬೀಳುವುದಿಲ್ಲ ಎಂದು ಊರಿನ ಗಂಡಸರು ತಡೆಯುತ್ತಾರೆ. ಚಿತ್ರವಿಡೀ ಅದೇ ಹಟ, ಅದೇ ತಡೆ. ಇದನ್ನು ಅಪ್ಪೆಗೆ ತೋರಿಸದೆ ಇನ್ನಾವುದನ್ನು ತೋರಿಸಲಿ? ಅವಳಿಗೆ ಓದು ಬರುವುದಿಲ್ಲ. ಪಕ್ಕದಲ್ಲೇ ಕೂರಿಸಿಕೊಂಡು, ಗುಂಡಿ ಒತ್ತುತ್ತಾ ಕಿವಿಯಲ್ಲಿ ತುಳುವಿನಲ್ಲಿ ಹೇಳಿದರಾಯಿತು ಎಂದುಕೊಂಡೆ.

ಅವಳ ಕಿವಿ ಮಂದವೆಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊದಲು ಪಿಸುಗುಟ್ಟಿದೆ, ಆಮೇಲೆ ಹೇಳಿದೆ, ಆಮೇಲೆ ಕೂಗಿದೆ. ಪರದೆಯವರು ಒಂದು ಮಾತಾಡಿದರೆ ಅಪ್ಪೆ ಎರಡು ಮಾತಾಡುತ್ತಿದ್ದಳು. ಆ ಬಲೆಯನ್ನು ಹಾಗೆ ಮಡಚಿದರೆ ಸಿಕ್ಕುಬೀಳುತ್ತದೆ ಎಂದಳು. ಆ ಮುದುಕನ ಮಾತು ಕೇಳಬೇಡ ಎಂದು ನಾಯಕಿಗೆ ಬುದ್ಧಿ ಹೇಳಿದಳು. ನಾನು ತಲೆ ಎತ್ತಿ ನೋಡುವಾಗ ಬಿಳಿ ಬಟ್ಟೆಯ ಮೇಲೆ ‘ಸ್ವಲ್ಪ ತಾಳಿ, ಈಗ ಬಂದೆ’ ಎಂಬ ಸಾಲು ನಿಂತುಹೋಗಿತ್ತು. ನಿಂತು ಕಾಲು ಗಂಟೆಯಾಗಿತ್ತು. ಯಂತ್ರ ಕೆಟ್ಟಿದೆ, ಕೇಂದ್ರದವರು ಕಾಯಲು ಹೇಳುತ್ತಿದ್ದಾರೆ ಎಂದು ಕೆಲವರು ತಿಳಿದಿದ್ದರಂತೆ. ಉಳಿದವರೆಲ್ಲ ಕುತ್ತಿಗೆ ತಿರುಗಿಸಿ ನಮ್ಮಿಬ್ಬರ ತುಳುವನ್ನು ಕೇಳುತ್ತಿದ್ದರು.

ಚರ್ಚೆಯಲ್ಲಿ ರಾಯರು ಮೆಟ್ಟಿಲು ಹತ್ತುವ ದೃಶ್ಯವನ್ನು ಎತ್ತಿಕೊಂಡರು. ನಾಯಕಿಯ ತಲೆಯ ಮೇಲಿನ ಮೀನಿನ ಬುಟ್ಟಿ ಬದುಕಿನ ಭಾರದ ಸಂಕೇತ ಎಂದರು. ಅಪ್ಪೆ ಏನಂತೆ ಎಂದು ಕೇಳಿದಳು, ಹೇಳಿದೆ. ಅವಳು ಎದ್ದು ನಿಂತಳು.

“ಆ ಬುಟ್ಟಿಯಲ್ಲಿ ಎಂತ ಸಹ ಇಲ್ಲ. ಬೂತಾಯಿ ಮೀನು ತುಂಬಿದ ಬುಟ್ಟಿ ಇದ್ರೆ ಕುತ್ತಿಗೆ ಹಾಗೆ ತಿರುಗುದಿಲ್ಲ. ಖಾಲಿ ಬುಟ್ಟಿ ಹೊತ್ತು ನಟನೆ ಮಾಡಿದ್ದು ಅವಳು.”

ಸಭೆ ಚಪ್ಪಾಳೆ ತಟ್ಟಿತು. ರಾಯರು ಕೂಡಲೇ, ಖಾಲಿ ಬುಟ್ಟಿಯೇ ಅತ್ಯಂತ ಭಾರವಾದದ್ದು ಎಂಬ ಹೊಸ ಅರ್ಥ ಹೇಳಿ ಆ ದಿನವನ್ನು ಉಳಿಸಿಕೊಂಡರು. ಅವರ ಆ ಚುರುಕು ನನಗೆ ಯಾವತ್ತೂ ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನನಗೆ ಭೇಷ್ ಸಿಗುತ್ತಿತ್ತೋ ಏನೋ. ಆದರೆ ಆ ಚಿತ್ರ ಮುಗಿಯುವುದು ಹೀಗೆ: ನಾಯಕಿ ಹುಟ್ಟು ಹಿಡಿದು ದಂಡೆಯಲ್ಲಿ ನಿಂತಿದ್ದಾಳೆ. ಮುಂದೆ ದೋಣಿ, ಹಿಂದೆ ಗಂಡಸರು. ಯಾರೂ ಮಾತಾಡುವುದಿಲ್ಲ. ಅಲೆ ಬರುತ್ತದೆ, ಪರದೆ ಕಪ್ಪಾಗುತ್ತದೆ. ಮನೆಗೆ ಹೋಗುವ ಬಸ್ಸಿನಲ್ಲಿ ಅಪ್ಪೆ “ಬೊಕ್ಕ?” ಎಂದು ಕೇಳಿದಳು. ಆಮೇಲೆ ಏನಾಯಿತು ಎಂದು ಅರ್ಥ. ಅಷ್ಟೇ, ಮುಗಿಯಿತು ಎಂದೆ. ಅದು ಹೇಗೆ ಮುಗಿಯುತ್ತದೆ, ದೋಣಿ ಹೋಯಿತೋ ಇಲ್ಲವೋ ಎಂದಳು. ಅದನ್ನು ನೋಡುವವರಿಗೇ ಬಿಟ್ಟಿದ್ದಾರೆ ಎಂದು ರಾಯರ ಹಾಗೆ ವಿವರಿಸಿದೆ. ಅವಳು ನನ್ನ ಮುಖವನ್ನು ಹಳಸಿದ ಮೀನಿನ ಕಣ್ಣು ನೋಡುವ ಹಾಗೆ ನೋಡಿದಳು.

“ಸುಳ್ಳು ಹೇಳ್ಬೇಡ ಶಶಿ. ನೀನು ಕೊನೆಯ ಸಾಲು ಒತ್ಲಿಕ್ಕೆ ಮರ್ತದ್ದು.”

ಇಷ್ಟು ವರ್ಷ ನಾನು ಮಾಡಿದ ಒಂದು ತಪ್ಪನ್ನೂ ಯಾರೂ ಹಿಡಿಯಲಿಲ್ಲ. ಮಾಡದ ಈ ಒಂದು ತಪ್ಪು ನನ್ನ ತಲೆಗೆ ಬಂತು. ಅವಳು ಆ ಕಥೆಯನ್ನು ಮಾರ್ಕೆಟಿನಲ್ಲಿ ಹೇಳಿದಳು, ಮದುವೆ ಮನೆಗಳಲ್ಲಿ ಹೇಳಿದಳು, ನನ್ನ ತುಳುವಿನ ಮಾತುಗಳನ್ನೇ ಒಂದೂ ಬಿಡದೆ ಹೇಳಿದಳು. ದಂಡೆಯವರೆಗೆ ಬಂದು ನಿಲ್ಲಿಸಿ, ಮುಂದಿನದ್ದನ್ನು ನನ್ನ ಮಗಳು ಒತ್ತಲು ಮರೆತಳು ಎನ್ನುತ್ತಿದ್ದಳು. ನೆಂಟರೆಲ್ಲ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡುತ್ತಿದ್ದರು. ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಆ ಸಾಲು ಸಿಕ್ಕಿತೇ ಎಂಬ ಪ್ರಶ್ನೆ ಬರುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಪಟ್ಟಿಯನ್ನು ತಂದು ತೋರಿಸಿದೆ. ಓದು ಬಾರದವಳಿಗೆ ಇಂಗ್ಲಿಷ್ ಪಟ್ಟಿ ತೋರಿಸಿ ವಾದ ಗೆಲ್ಲಲು ಹೋದ ಬುದ್ಧಿವಂತೆ ನಾನು.

ಮೂರು ವರ್ಷದ ಹಿಂದೆ ಅವಳು ಆಸ್ಪತ್ರೆಯಲ್ಲಿದ್ದಳು. ಎಂಬತ್ತು ದಾಟಿತ್ತು, ಉಸಿರು ಕಷ್ಟವಾಗಿತ್ತು. ಒಂದು ಮಧ್ಯಾಹ್ನ ತನ್ನಷ್ಟಕ್ಕೆ ಹೇಳತೊಡಗಿದಳು: ಅಪ್ಪನ ದೋಣಿ ಇತ್ತು, ಗಂಡನ ದೋಣಿ ಇತ್ತು, ತಮ್ಮನ ಬೋಟು ಇತ್ತು, ಒಂದಕ್ಕೂ ನನ್ನನ್ನು ಹತ್ತಿಸಲಿಲ್ಲ. ಹುಡುಗಿಯಾಗಿದ್ದಾಗ ಒಮ್ಮೆ ಹತ್ತಿ ಕೂತಿದ್ದಳಂತೆ, ರಟ್ಟೆ ಹಿಡಿದು ಇಳಿಸಿದರಂತೆ. ಇದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

“ಓಡ ಪೋಂಡಾ?”

ಓಡ ಎಂದರೆ ನಮ್ಮ ತುಳುವಿನಲ್ಲಿ ದೋಣಿ. ದೋಣಿ ಹೋಯಿತಾ ಎಂದು ಕೇಳಿದ್ದು. ಹೋಯಿತು ಎಂದುಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ನಾನು ಹೇಳಲಿಲ್ಲ. ಗೊತ್ತಿಲ್ಲ ಅಪ್ಪೆ, ಚಿತ್ರ ಮಾಡಿದವರು ಹೇಳಿಲ್ಲ ಎಂದೆ. ಅಷ್ಟು ವರ್ಷ ಪಟ್ಟಿಗೆ ನಿಷ್ಠವಾಗಿದ್ದ ನಾಲಗೆ ಆ ದಿನವೂ ಪಟ್ಟಿಯನ್ನೇ ಹಿಡಿದುಕೊಂಡಿತು. ಅವಳು ಕಣ್ಣು ಮುಚ್ಚಿದಳು, ಮತ್ತೆ ಕೇಳಲಿಲ್ಲ. ಎರಡು ದಿನದಲ್ಲಿ ಹೋದಳು. ಆ ಉತ್ತರಕ್ಕಾಗಿ ನಾನು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ನಿವೃತ್ತಿಯ ದಿನ ನಿಮಗೆ ಇಷ್ಟವಾದ ಚಿತ್ರ ಆರಿಸಿ ಎಂದು ಕೇಂದ್ರದವರು ಹೇಳಿದರು. ನಾನು ಯಾವುದನ್ನು ಆರಿಸಿದೆನೆಂದು ಹೇಳಬೇಕಾಗಿಲ್ಲ. ಕೊಟ್ಟಾರದ ಮಗಳ ಮನೆಯಿಂದ ರಾಯರು ಊರುಗೋಲು ಹಿಡಿದು ಬಂದಿದ್ದರು. ಫಾದರ್ ಲಿಗೋರಿ ತಮ್ಮ ಜಾಗದಲ್ಲೇ ಕೂತಿದ್ದರು. ಈಗ ಅವರು ಎಲ್ಲರೊಟ್ಟಿಗೆ ಸಾಲು ಓದಿಯೇ ನಗುತ್ತಾರೆ. ಹಮೀದ್ ಮೊಮ್ಮಗಳನ್ನು ಕರೆತಂದಿದ್ದರು. ಆ ಸಂಜೆ ಒಂದು ಸಾಲೂ ತಪ್ಪಲಿಲ್ಲ.

ಕೊನೆಯ ದೃಶ್ಯ ಬಂತು. ಅವಳು ಹುಟ್ಟು ಹಿಡಿದು ನಿಂತಳು. ಅಲೆ ಬಂತು, ಪರದೆ ಕಪ್ಪಾಯಿತು. ಪಟ್ಟಿ ಮುಗಿದಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾನು ಅದರ ಕೆಳಗೆ ಇನ್ನೊಂದು ಸಾಲು ಟೈಪ್ ಮಾಡಿಟ್ಟಿದ್ದೆ. ಒತ್ತಿದೆ.

‘ಓಡ ಪೋಂಡು.’

ದೀಪ ಹತ್ತಿತು. ಆಮೇಲೆ ಚರ್ಚೆ ಶುರುವಾಗಿ ಎಲ್ಲರೂ ಆ ಸಾಲಿನ ಮೇಲೆಯೇ ಬಿದ್ದರು. ಇಷ್ಟು ಹಳೆಯ ಚಿತ್ರದಲ್ಲಿ ಇಂಥ ಧೈರ್ಯದ ಕೊನೆಯೇ ಎಂದು ಕಾಲೇಜಿನ ಹುಡುಗಿಯರು ಬೆರಗಾದರು. ಸಾಲು ತುಳುವಿನಲ್ಲಿ ಏಕೆ ಎಂದು ಒಬ್ಬಳು ಕೇಳಿದಳು. ಮೂಲದಲ್ಲಿ ಅದು ಬೆಸ್ತರ ಆಡುಮಾತಿನಲ್ಲಿರಬೇಕು, ಶಶಿಕಲಾ ಅದನ್ನು ಸರಿಯಾಗಿ ಹಿಡಿದಿದ್ದಾಳೆ ಎಂದು ರಾಯರು ಉತ್ತರಿಸಿದರು. ಮೂವತ್ತು ವರ್ಷದಲ್ಲಿ ಅವರಿಂದ ಸಿಕ್ಕ ಮೊದಲ ಹೊಗಳಿಕೆ ಅದು. ಕೊನೆಗೆ ಆ ಹುಡುಗಿ ಇಟಾಲಿಯನ್ ಬಲ್ಲ ಫಾದರ್ ಲಿಗೋರಿಯವರನ್ನೇ ಕೇಳಿದಳು, ಅಲ್ಲಿ ಹಾಗೆಂದು ಯಾರು ಹೇಳಿದ್ದು ಎಂದು.

ಫಾದರ್ ಎದ್ದು, ಹಿಂದಿನ ಸಾಲಿನ ಕಡೆ ತಿರುಗಿ ನನ್ನನ್ನು ನೋಡಿದರು. ನನ್ನ ಕಣ್ಣು ಒದ್ದೆಯಾಗಿತ್ತು. ಪಾದ್ರಿಗಳು, ಸುಳ್ಳು ಹೇಳುವ ಹಾಗಿಲ್ಲ.

“ನನ್ನ ಕಿವಿ ಮೊದಲಿನ ಹಾಗೆ ಇಲ್ಲ ಮಗಳೇ. ಯಾರೋ ಹೇಳಿರ್ಬೇಕು,” ಎಂದರು.

ಮಕ್ಕಳೇ, ನೀವು ಹೀಗೆ ಮಾಡಬೇಡಿ. ಪಟ್ಟಿಯಲ್ಲಿ ಇದ್ದಷ್ಟನ್ನೇ ಒತ್ತಿ. ಕೆಮ್ಮಿಗೆ ಮೋಸ ಹೋಗಬೇಡಿ, ಕೈ ನೋಡುತ್ತಿರಿ. ನನ್ನ ಕಡತಗಳೆಲ್ಲ ಅದೇ ಕಂಪ್ಯೂಟರಿನಲ್ಲಿವೆ, ತಪ್ಪು ಕಂಡಲ್ಲಿ ತಿದ್ದಿಕೊಳ್ಳಿ. ಬೆಸ್ತರ ಚಿತ್ರದ ಕೊನೆಯ ಸಾಲು ತಪ್ಪಲ್ಲ. ಅದನ್ನು ಮಾತ್ರ ಹಾಗೆಯೇ ಬಿಡಿ.